ಪೂರ್ಣವಿರಾಮ ನುಂಗಿದ ಕಂಪೈಲರು

ದೂರು ಹೇಳುವುದಕ್ಕೂ ಒಂದು ಧೈರ್ಯ ಬೇಕು. ಅದು ನನ್ನಲ್ಲಿ ಮೊದಲಿನಿಂದಲೂ ಇಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ಮೆಟ್ಟಿದರೆ, ಕಾಲನ್ನು ಅಲ್ಲಿ ಇಟ್ಟುಕೊಂಡದ್ದೇ ನನ್ನ ತಪ್ಪು ಎನ್ನುವ ಹಾಗೆ ನಾನೇ ಮುದುಡಿಕೊಳ್ಳುತ್ತೇನೆ. ಮದುವೆ ಊಟದಲ್ಲಿ ಬಡಿಸುವವರು ನನ್ನ ಎಲೆ ದಾಟಿ ಮುಂದೆ ಹೋದರೆ, ಪಾಯಸ ನನಗೆ ಆಗುವುದಿಲ್ಲ ಎಂಬ ಮುಖ ಮಾಡಿ ಕೂತುಬಿಡುತ್ತೇನೆ. ನನ್ನಂಥವರಿಗೆಂದೇ ನಮ್ಮ ಕುಂದಾಪುರದ ಕಡೆ ಒಂದು ಶಬ್ದ ಇದೆ: ಅಡ್ಡಿಲ್ಲ. ಸಾರು ರುಚಿಯಾಗಿದ್ದರೂ ಅಡ್ಡಿಲ್ಲ, ಉಪ್ಪು ಹೆಚ್ಚಾಗಿದ್ದರೂ ಅಡ್ಡಿಲ್ಲ. ಜ್ವರ ಬಿಟ್ಟಿದ್ದರೂ ಅಡ್ಡಿಲ್ಲ, ಬಿಡದಿದ್ದರೂ ಅಡ್ಡಿಲ್ಲ. ಕೇಳಿದವರು ತಮಗೆ ಬೇಕಾದ ಅರ್ಥ ತೆಗೆದುಕೊಂಡು ಸಮಾಧಾನದಿಂದ ಹೋಗಬಹುದು. ಉಪ್ಪುಂದದ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು ಹೋದ ಮೇಲೆ ನನ್ನ ಅಪ್ಪ, "ಹುಡ್ಗ ಹ್ಯಾಂಗೆ?" ಎಂದು ಕೇಳಿದ್ದರು. ನಾನು ತಲೆ ಎತ್ತಿ ಹುಡುಗನನ್ನು ನೋಡಿಯೇ ಇರಲಿಲ್ಲ. ನೋಡಲಿಲ್ಲ ಎಂದು ಹೇಳಲು ನಾಚಿಕೆಯಾಗಿ "ಅಡ್ಡಿಲ್ಲ" ಎಂದೆ. ನಿಮ್ಮ ಅಜ್ಜನಿಗೆ ನಾನು ಹೆಂಡತಿಯಾದದ್ದು ಆ ಒಂದು ಶಬ್ದದಿಂದ. ಅದು ಒಳ್ಳೆಯದೇ ಆಯಿತು. ಆದರೆ ಎಲ್ಲ ಸಲವೂ ಅದು ಒಳ್ಳೆಯದೇ ಮಾಡುತ್ತದೆ ಎಂದು ನಂಬಿ ನಾನು ಇತ್ತೀಚೆಗೆ ಒಂದು ಪೇಚಿಗೆ ಸಿಕ್ಕಿಬಿದ್ದೆ. ಮೊಮ್ಮಕ್ಕಳೇ, ನೀವಿಬ್ಬರೂ ಬ್ರಹ್ಮಾವರದಲ್ಲಿ ನಿಮ್ಮ ಅಮ್ಮನ ತವರಿನಲ್ಲಿ ಇದ್ದು ಓದುವವರು, ತಲ್ಲೂರಿನ ಈ ಮನೆಯ ಭಾನುವಾರ ಮಾತ್ರ ಕಂಡವರು. ಉಳಿದ ದಿನಗಳಲ್ಲಿ ಇಲ್ಲಿ ಏನಾಗುತ್ತದೆ ಎಂದು ನಿಮಗೆ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಅಮ್ಮನಿಗೆ ಎರಡು ಕೆಲಸ. ಒಂದು ಕಂಪನಿಯದು. ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ಒಳಕೋಣೆಯ ಬಾಗಿಲು ಹಾಕಿಕೊಂಡು ಮಾಡುವುದು. ಇನ್ನೊಂದಕ್ಕೆ ಸಂಬಳ ಇಲ್ಲ, ಯಜಮಾನರೂ ಇಲ್ಲ. ಆ ಕೆಲಸ ಏನೆಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಕೊನೆಗೆ ಅವಳೇ ಒಂದು ದಿನ, "ಅತ್ತೆ, ಇವ್ರ್ ಬಂದರಂಗೆ ಎಂತ ಮಾಡ್ತ್ರೋ ನಾನೂ ಅದನ್ನೇ ಮಾಡುದ್" ಎಂದಳು. ನಿಮ್ಮ ಅಪ್ಪ ಬಂದರಿನಲ್ಲಿ ಮೀನು ಕೊಂಡು, ಮಂಜುಗಡ್ಡೆ ಹಾಕಿ, ಪೆಟ್ಟಿಗೆ ಕಟ್ಟಿ ಊರೂರಿಗೆ ಕಳಿಸುವವನು. ಮೀನು ಹಿಡಿದವರು ಬೇರೆ, ತಿನ್ನುವವರು ಬೇರೆ, ನಡುವೆ ಕೆಡದ ಹಾಗೆ ಕಟ್ಟಿ ಕೊಡುವವನು ಅವನು. ಹಾಗೆಯೇ ಯಾವುದೋ ದೇಶದಲ್ಲಿ ಯಾರೋ ಪುಣ್ಯಾತ್ಮರು ಪ್ರೋಗ್ರಾಮು ಬರೆದು, ಯಾರು ಬೇಕಾದರೂ ಬಳಸಿ, ಒಳಗೆ ಏನಿದೆ ಎಂದು ಬಿಚ್ಚಿಯೂ ನೋಡಿ ಎಂದು ಇಟ್ಟುಬಿಡುತ್ತಾರಂತೆ. ಓಪನ್ ಸೋರ್ಸ್ ಎಂದು ಅದರ ಹೆಸರು. ಅದನ್ನು ತಂದು, ಒಂದೊಂದು ಬಗೆಯ ಕಂಪ್ಯೂಟರಿಗೆ ಹೊಂದುವ ಹಾಗೆ ಕಟ್ಟಿ ಕೊಡುವುದು ನಿಮ್ಮ ಅಮ್ಮನ ಕೆಲಸ. ಒಟ್ಟಿನಲ್ಲಿ ಗಂಡ ಮೀನು ಪ್ಯಾಕ್ ಮಾಡುತ್ತಾನೆ, ಹೆಂಡತಿ ಸಾಫ್ಟ್‌ವೇರ್ ಪ್ಯಾಕ್ ಮಾಡುತ್ತಾಳೆ. ಈ ಮನೆಯಲ್ಲಿ ಯಾವ ಪ್ಯಾಕೆಟ್ಟಿಗೂ ಸೇರದೆ ಹೊರಗೆ ಉಳಿದದ್ದು ನಾನೊಬ್ಬಳೇ.

ಹಾಗೆ ಹೊರಗೆ ಉಳಿದವಳಿಗೂ ಒಂದು ಉದ್ಯೋಗ ಬಂತು. ನನಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ನಿಮ್ಮ ಅಮ್ಮ ಕಟ್ಟುತ್ತಿದ್ದ ಪ್ಯಾಕೆಟ್ಟುಗಳಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮೊಂದು ಇತ್ತು. ಅದನ್ನು ತನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಜಗಲಿಯಲ್ಲಿ ನನ್ನ ಮುಂದೆ ಇಟ್ಟಳು. ಒಂದು ಗುಂಡಿ ಒತ್ತಿದರೆ ಅದು ಪೇಪರು ಓದುತ್ತದೆ. ನಾನು ಕೇಳಬೇಕು, ಹೇಗೆ ಓದುತ್ತದೆ ಎಂದು ಅವಳಿಗೆ ಹೇಳಬೇಕು. ಅಷ್ಟೇ. ಮಧ್ಯಾಹ್ನ ಚಾ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು, "ಹ್ಯಾಂಗ್ ಓದತ್ತ್ ಅತ್ತೆ?" ಎಂದು ಕೇಳುವಳು. ನಾನು "ಅಡ್ಡಿಲ್ಲ" ಎನ್ನುವೆ. ಅವಳು ಲೋಟ ಹಿಡಿದು ಒಳಗೆ ಹೋಗುವಳು. ಬಾಗಿಲು ಹಾಕಿಕೊಳ್ಳುವುದು.

ಅದು ಹೇಗೆ ಓದುತ್ತಿತ್ತು ಎಂದು ಈಗ ನಿಮಗಾದರೂ ಸರಿಯಾಗಿ ಹೇಳಬೇಕು. ಉಸಿರೇ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ವಾಕ್ಯ ಮುಗಿಯಿತು, ಇನ್ನೊಂದು ಶುರುವಾಯಿತು ಎಂಬುದು ಇಲ್ಲವೇ ಇಲ್ಲ. ಪೇಪರಿನಲ್ಲಿ ಯಾರೋ ಹಿರಿಯರು ತೀರಿಕೊಂಡ ಸುದ್ದಿ, ಅದರ ಕೆಳಗೆ ಯಾವುದೋ ಸಂಘದ ಸಭೆಯ ಸುದ್ದಿ ಇದ್ದರೆ, "ನಿನ್ನೆ ಸ್ವಗೃಹದಲ್ಲಿ ನಿಧನರಾದರು ಇಂದು ಸಂಜೆ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷತೆ ವಹಿಸಿ ಮಾತನಾಡಲಿದ್ದಾರೆ" ಎಂದು ಒಂದೇ ಏಟಿಗೆ ಓದುತ್ತಿತ್ತು. ಆ ಸುದ್ದಿ ಕೇಳಿ ನಾನು ಆಶ್ಚರ್ಯಪಟ್ಟದ್ದೂ ಇಲ್ಲ. ಕೆಲವರಿಗೆ ಅಧ್ಯಕ್ಷ ಪದವಿ ಬಿಡಲು ಅಷ್ಟು ಸುಲಭವಾಗಿ ಮನಸ್ಸು ಬರುವುದಿಲ್ಲ ಎಂದುಕೊಂಡೆ.

ಇದರಲ್ಲಿ ನನ್ನ ತಪ್ಪು ಅರ್ಧ, ಊರಿನ ತಪ್ಪು ಅರ್ಧ. ನಾವು ಮಾತಾಡುವುದೇ ಹಾಗೆ. ಪುಸ್ತಕದಲ್ಲಿ "ಬರುತ್ತೇನೆ" ಎಂದಿದ್ದರೆ ನಮಗೆ "ಬತ್ತೆ" ಸಾಕು. ನಡುವಿನ ಅಕ್ಷರಗಳನ್ನು ಯಾರು ಹೊತ್ತುಕೊಂಡು ತಿರುಗುತ್ತಾರೆ. ಉಪ್ಪುಂದದ ಕಡಲ ದಡದಲ್ಲಿ ಮೀನು ಮಾರುವ ಹೆಂಗಸರು ಮೀನಿನ ರೇಟು ಹೇಳಿ, ಗಿರಾಕಿಯ ತಾಯಿಯ ಆರೋಗ್ಯ ಕೇಳಿ, ಕಾಗೆಯನ್ನು ಬೈದು ಓಡಿಸುವುದನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಅವರ ನಡುವೆ ಬೆಳೆದ ನನ್ನ ಕಿವಿಗೆ ಯಂತ್ರದ ಆ ಓಟ ತವರಿನ ಮಾತಿನ ಹಾಗೆ ಕೇಳಿಸಿತು. ಪಾಪ, ಎಷ್ಟು ಬೇಗ ನಮ್ಮ ಭಾಷೆ ಕಲಿತುಬಿಟ್ಟಿತು ಎಂದು ಅದರ ಮೇಲೆ ನನಗೆ ಪ್ರೀತಿಯೂ ಹುಟ್ಟಿತ್ತು. ಇನ್ನೊಂದು ಕಾರಣವೂ ಇತ್ತು. ನಿಮ್ಮ ಅಪ್ಪ ಬೆಳಗಾಗುವ ಮೊದಲೇ ಬಂದರಿಗೆ ಹೋಗುತ್ತಾನೆ, ಅಮ್ಮನ ಬಾಗಿಲು ಹಾಕಿರುತ್ತದೆ. ಈ ಯಂತ್ರವೊಂದು ಎಡೆಬಿಡದೆ ಮಾತಾಡುತ್ತಿದ್ದರೆ ಮನೆಯಲ್ಲಿ ಜನ ಇದ್ದ ಹಾಗೆ ಆಗುತ್ತಿತ್ತು. ಅರ್ಥ ಆಗಬೇಕೆಂಬ ಹಟ ನನಗೇನೂ ಇರಲಿಲ್ಲ.

ಹೀಗೆ ನನ್ನ "ಅಡ್ಡಿಲ್ಲ" ನಂಬಿ ನಿಮ್ಮ ಅಮ್ಮ ಪ್ಯಾಕೆಟ್ಟು ಕಟ್ಟಿ ಹೊರಗೆ ಬಿಟ್ಟಳು. ಮೊದಲು ಅದನ್ನು ತೆಗೆದುಕೊಂಡವರು ಬೈಂದೂರಿನ ಒಬ್ಬ ನಿವೃತ್ತ ಮಾಷ್ಟ್ರು. ಅವರಿಗೆ ದೃಷ್ಟಿ ಹೋಗಿದೆ. ಕಣ್ಣು ಕಾಣದ ಇನ್ನಷ್ಟು ಜನರನ್ನು ಸೇರಿಸಿಕೊಂಡು ಒಂದು ಓದುವ ಕೋಣೆ ಮಾಡುತ್ತಿದ್ದಾರೆ, ಅಲ್ಲಿಯ ಕಂಪ್ಯೂಟರುಗಳಿಗೆಲ್ಲ ಇದನ್ನೇ ಹಾಕುವುದು ಎಂದು ಮಾತಾಗಿತ್ತು. ಒಂದು ಮಧ್ಯಾಹ್ನ ಅವರ ಫೋನು ಬಂತು. ನಿಮ್ಮ ಅಮ್ಮ ಚಾ ಸೋಸುತ್ತಿದ್ದವಳು ಸ್ಪೀಕರಿಗೆ ಹಾಕಿದಳು.

"ಹ್ವಾಯ್, ನಿಮ್ ಮಿಷನ್ನಿಗೆ ಶ್ವಾಸಕೋಶ ಹಾಕುಕೆ ಮರ್ತ್ ಹೋಯ್ತಾ ಹ್ಯಾಂಗೆ?" ಎಂದರು ಮಾಷ್ಟ್ರು. "ನಾನ್ ಶಾಲೆಯಂಗೆ ಅಷ್ಟ್ ವರ್ಷ ಪೂರ್ಣವಿರಾಮ ಅಂದ್ರೆ ನಿಲ್ಕ್ ಅಂತ ಹೇಳ್ಕೊಟ್ಟವ. ಇದ್ ನಿಲ್ಲುದೇ ಇಲ್ಲೆ ಮಾರಾಯ್ತಿ. ಕೇಂತಾ ಕೇಂತಾ ನಂಗೇ ಏದುಸಿರು ಬಂತ್."

ಕೋಣೆ ತೆರೆಯುವ ಮೊದಲು ಇದನ್ನು ಸರಿ ಮಾಡದಿದ್ದರೆ ಬೇರೆ ಯಾವುದನ್ನಾದರೂ ಹಾಕಿಕೊಳ್ಳುವುದೆಂದೂ, ಆ ಬೇರೆಯದು ಕನ್ನಡವನ್ನು ಮೂಗಿನಲ್ಲಿ ಓದುತ್ತದೆಂದೂ, ತನಗೆ ಅದು ಇಷ್ಟವಿಲ್ಲವೆಂದೂ ಹೇಳಿ ಫೋನಿಟ್ಟರು. ನಿಮ್ಮ ಅಮ್ಮ ಜಗಲಿಗೆ ಬಂದು ನನ್ನ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಕೇಳಿದಳು. ಅದರಲ್ಲಿ ಅವಳು ತಾನೇ ಕೂತು ಕೇಳಿದ್ದು ಅದೇ ಮೊದಲು. ಅವಳ ಮುಖ ನೋಡಿ ನಾನು ಸೆರಗಿನ ತುದಿ ನೋಡಿಕೊಂಡೆ.

"ಅತ್ತೆ, ನೀವ್ ದಿನಾ ಅಡ್ಡಿಲ್ಲ ಅಂದ್ರಿ ಅಲ್ದಾ?"

"ಅಡ್ಡಿಲ್ಲವೇ ಅಲ್ದಾ ಮಗಾ. ನಮ್ಮ್ ಸುಬ್ಬಕ್ಕ ಮಾತಾಡುದೂ ಹಾಂಗೇ."

"ಸುಬ್ಬಕ್ಕನ್ನ ನಾನ್ ಪ್ಯಾಕ್ ಮಾಡಿ ಬೈಂದೂರಿಗ್ ಕಳ್ಸಲಿಲ್ಲ ಅತ್ತೆ" ಎಂದಳು. ಸುಬ್ಬಕ್ಕ ಎಂದರೆ ನಮಗೆ ಮೀನು ತಂದು ಕೊಡುವವಳು. ಕಳಿಸಿದ್ದರೆ ಬೈಂದೂರಿನವರು ಅವಳನ್ನು ಇನ್ನೂ ಬೇಗ ಹಿಂದಕ್ಕೆ ಕಳಿಸುತ್ತಿದ್ದರು ಎಂದು ನನಗೆ ನಗು ಬಂತು. ಆದರೆ ನಗುವ ಹೊತ್ತು ಅದಾಗಿರಲಿಲ್ಲ.

ವಿಚಿತ್ರ ಎಂದರೆ ನಿಮ್ಮ ಅಮ್ಮನ ಕೋಣೆಯ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಮು ಪೂರ್ಣವಿರಾಮಕ್ಕೆ ಮರ್ಯಾದೆಯಿಂದ ನಿಂತು ಓದುತ್ತಿತ್ತು. ತಪ್ಪುವುದು ನನ್ನದರಲ್ಲಿ, ಬೈಂದೂರಿನದರಲ್ಲಿ. ಹಾಗಾಗಿ ಅವಳು ಮಧ್ಯಾಹ್ನದ ಬಿಡುವಿನಲ್ಲಿ ಹುಡುಕುವ ಕೆಲಸವನ್ನೆಲ್ಲ ಜಗಲಿಗೆ ತಂದಳು. ನನ್ನ ಪಕ್ಕದಲ್ಲಿ ಮಣೆ ಹಾಕಿ ಕೂತಳು. ಒಂದು ಕಡೆ ಬದಲಾಯಿಸಿ, ಪ್ಯಾಕೆಟ್ಟನ್ನು ಮತ್ತೆ ಕಟ್ಟಿ, ಓಡಿಸಿ ಕೇಳಬೇಕು. ಹಳೆಯ ಲ್ಯಾಪ್‌ಟಾಪು, ಒಮ್ಮೆ ಕಟ್ಟಲು ಕುಳಿತರೆ ಬೆನ್ನು ಬಿಸಿ ಮಾಡಿಕೊಂಡು ಏದುಸಿರು ಬಿಡುತ್ತಿತ್ತು. ಅಷ್ಟು ಹೊತ್ತು ನಮಗಿಬ್ಬರಿಗೂ ಬೇರೆ ಕೆಲಸ ಇಲ್ಲ. ಅವಳು ಚಿಕ್ಕವಳಿರುವಾಗ ಸೀತಾನದಿಯಲ್ಲಿ ಚಪ್ಪಲಿ ಬಿಟ್ಟು ಬಂದದ್ದು, ಕಾಲೇಜಿನಲ್ಲಿ ಅವಳ ಕುಂದಾಪುರದ ಮಾತಿಗೆ ನಕ್ಕವರ ಕತೆ, ಎಲ್ಲ ನನಗೆ ತಿಳಿದದ್ದು ಆಗಲೇ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವಳಲ್ಲಿ ಕೇಳಿದ್ದು ತೆಂಗಿನಕಾಯಿ ಇದೆಯೇ, ಗ್ಯಾಸ್ ಬಂತೇ ಎಂದು ಮಾತ್ರ. ನಾನು ನಿಜ ಹೇಳುತ್ತೇನೆ. ದೋಷ ಸಿಕ್ಕಿದ ದಿನ ಅವಳು ಮಣೆ ಎತ್ತಿಟ್ಟು ಒಳಗೆ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳು ಮನಸ್ಸಿನಲ್ಲಿ ದೇವರೇ ಬೇಗ ಸಿಗಲಿ ಎನ್ನುವಾಗ, ನಾನು ಪಕ್ಕದಲ್ಲಿ ಕೂತು ಅದೇ ದೇವರಿಗೆ ಅವಸರ ಬೇಡ ಎನ್ನುತ್ತಿದ್ದೆ. ಅವನಿಗೆ ಯಾರ ಮಾತು ಕೇಳಬೇಕೆಂದು ತಿಳಿಯದೆ ನಾಲ್ಕಾರು ದಿನ ಸುಮ್ಮನಿದ್ದಿರಬೇಕು.

ಅವಳ ಅನುಮಾನವೆಲ್ಲ ಕಂಪೈಲರು ಎಂಬುದರ ಮೇಲೆ. ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಿ ಕೊಡುವುದು ಅದರ ಕೆಲಸ. ಅಷ್ಟೇ ಮಾಡಿದರೆ ಯಾರಿಗೂ ತೊಂದರೆ ಇಲ್ಲ. ಆದರೆ ಹೊರಗೆ ಹೋಗುವ ಪ್ಯಾಕೆಟ್ಟು ಚುರುಕಾಗಿ ಓಡಲಿ ಎಂದು ಅದಕ್ಕೆ ಒಂದು ಅಧಿಕಾರವನ್ನೂ ಕೊಡುತ್ತಾರಂತೆ: ತಿರುಗಿಸುವಾಗ ಬೇಡವೆಂದು ಕಂಡದ್ದನ್ನು ನೀನೇ ಬಿಸಾಡು ಎಂದು. ಇದಕ್ಕೆ ಆಪ್ಟಿಮೈಸೇಶನ್ ಎನ್ನುತ್ತಾರೆ. ನಿಮ್ಮ ಅಪ್ಪನ ಪೆಟ್ಟಿಗೆಗೆ ಸಿಗಡಿ ತುಂಬುವಾಗ ತಲೆ ಮುರಿದು ಎಸೆಯುವ ಹಾಗೆ. ಪೇಟೆಯವರಿಗೆ ತಲೆ ಬೇಡ, ಪೆಟ್ಟಿಗೆಯೂ ಹಗುರ. ಸಾರಿನ ರುಚಿ ಆ ತಲೆಯಲ್ಲಿತ್ತು ಎಂದು ಮುರಿಯುವ ಕೈಗೆ ಹೇಗೆ ತಿಳಿಯಬೇಕು. ನಿಮ್ಮ ಅಮ್ಮ ತನ್ನ ಕೋಣೆಯಲ್ಲಿ ಪರೀಕ್ಷೆ ಮಾಡುವಾಗ ಕಂಪೈಲರಿನ ಈ ಅಧಿಕಾರ ಕಿತ್ತುಕೊಂಡಿದ್ದಳು. ಹಾಗಾಗಿ ಅಲ್ಲಿ ತಪ್ಪಿಲ್ಲ. ನಮ್ಮ ಪ್ಯಾಕೆಟ್ಟುಗಳಲ್ಲಿ ಅಧಿಕಾರ ಪೂರ್ತಿ ಇತ್ತು. ಎಲ್ಲಿ ಏನನ್ನು ಬಿಸಾಡಿತು ಎಂದು ಹುಡುಕಬೇಕು.

ಹುಡುಕಲು ಅವಳು ಪ್ರೋಗ್ರಾಮಿನ ಒಳಗೆ ಅಲ್ಲಲ್ಲಿ ಒಂದೊಂದು ಸಾಲು ಸೇರಿಸುತ್ತಿದ್ದಳು. ಯಂತ್ರ ಆ ಜಾಗಕ್ಕೆ ಬಂದಾಗ "ಇಲ್ಲಿಗೆ ಬಂದೆ" ಎಂದು ಪರದೆಯ ಮೇಲೆ ಬರೆದು ತೋರಿಸಬೇಕು. ಪೂರ್ಣವಿರಾಮದ ಜಾಗಕ್ಕೆ ಅಂಥದೊಂದು ಸಾಲು ಹಾಕಿ ಓಡಿಸಿದಳು ನೋಡಿ, ಯಂತ್ರ ಸರಿಯಾಗಿ ನಿಂತು ನಿಂತು ಓದಿತು. ಮುಗಿಯಿತು, ಇನ್ನು ಮಣೆ ಎತ್ತುತ್ತಾಳೆ ಎಂದುಕೊಂಡೆ. ಅವಳು ಆ ಸಾಲನ್ನು ತೆಗೆದು ಮತ್ತೆ ಕಟ್ಟಿದಳು. ಮತ್ತೆ ಸುಬ್ಬಕ್ಕ. ಹಾಕಿದರೆ ಸರಿ, ತೆಗೆದರೆ ತಪ್ಪು. ನೋಡಲು ಹೋದರೆ ದೋಷ ಇಲ್ಲ, ನೋಡದಿದ್ದರೆ ಇದೆ.

ನಿಮ್ಮ ಅಮ್ಮ ತಲೆಗೆ ಕೈ ಇಟ್ಟು ನನ್ನ ಕಡೆ ತಿರುಗಿದಳು. "ಇದ್ ಥೇಟ್ ನಿಮ್ಮ್ ಹಾಂಗೆ ಅತ್ತೆ. ಮನೆಯಂಗೆ ಮೊಣಕಾಲು ನೋವು ಅಂತ ಗೋಡೆ ಹಿಡ್ಕಂಡ್ ನಡಿತ್ರಿ. ಡಾಕ್ಟ್ರ ಎದುರು ಹೋದ್ರೆ ಓಡುಕೂ ರೆಡಿ."

"ಅಲ್ಲಿ ಹೋಪತ್ತಿಗೆ ನಿಜವಾಗಿ ನೋವ್ ಇರುದಿಲ್ಲೆ ಮಗಾ. ನಾನ್ ಎಂತ ಮಾಡುದ್?"

"ಅದೇ ಕಾಣಿ. ಇದೂ ಅದನ್ನೇ ಹೇಳ್ತಾ ಇತ್ತ್."

ಅವಳು ತಮಾಷೆಗೆ ಹೇಳಿದ್ದು. ನಾನು ಮಾತ್ರ ಆ ಮಾತನ್ನು ಮಡಚಿ ಇಟ್ಟುಕೊಂಡೆ. ಭಾನುವಾರ ನೀವು ಬಂದಾಗ ಕುತ್ತಿಗೆಗೆ ಜೋತುಬಿದ್ದು, "ಅಜ್ಜಿ, ಒಬ್ಬಳೇ ಬೇಜಾರ್ ಆತ್ತಾ?" ಎಂದು ಕೇಳುತ್ತೀರಿ. ಇಲ್ಲ ಎನ್ನುತ್ತೇನೆ. ಅದು ಸುಳ್ಳಲ್ಲ ಮಕ್ಕಳೇ. ನೀವು ಕೇಳುವ ಹೊತ್ತಿಗೆ ಅದು ನಿಜವಾಗಿ ಇರುವುದಿಲ್ಲ. ಅದು ಬರುವುದು ಸೋಮವಾರ ನೀವು ಬಸ್ಸು ಹತ್ತಿದ ಮೇಲೆ, ತೊಳೆದು ಕವುಚಿಟ್ಟ ನಿಮ್ಮ ಎರಡು ಲೋಟ ನೋಡುವಾಗ. ಆಗ ಕೇಳುವವರಿಲ್ಲ. ಕೇಳುವವರು ಇರುವಾಗ ಅದು ಇಲ್ಲ. ನೋಡಲು ಹೋದರೆ ಮಾಯವಾಗುವ ಇಂಥ ಕಾಯಿಲೆಯ ಬಗ್ಗೆ ಯಾರಲ್ಲಿ ಹೇಗೆ ದೂರು ಕೊಡಬೇಕು ಎಂದು ಉಪ್ಪುಂದದ ಶಾಲೆಯಲ್ಲಿ ನಮಗೆ ಕಲಿಸಿರಲಿಲ್ಲ.

ದೋಷ ಮಾತ್ರ ಮರುದಿನವೇ ಸಿಕ್ಕಿತು. ನಿಮ್ಮ ಅಮ್ಮ ಒಂದು ಕಡೆ ಬೆರಳಿಟ್ಟು, "ಅಯ್ಯೋ, ಇಷ್ಟೇಯಾ" ಎಂದಳು. ಪ್ರೋಗ್ರಾಮು ಬರೆದ ಆ ದೂರದ ಪುಣ್ಯಾತ್ಮ ವಾಕ್ಯ ಮುಗಿದಲ್ಲಿ ನಿಲ್ಲಿಸಲು ಒಂದು ಹಳೆಯ ಉಪಾಯ ಮಾಡಿದ್ದ. ಒಂದರಿಂದ ಒಂದು ದೊಡ್ಡ ಸಂಖ್ಯೆಯವರೆಗೆ ಮನಸ್ಸಿನಲ್ಲಿ ಎಣಿಸು, ಆಮೇಲೆ ಮುಂದೆ ಓದು ಎಂದು ಬರೆದಿದ್ದ. ಕಣ್ಣಾಮುಚ್ಚಾಲೆಯಲ್ಲಿ ಗೋಡೆಗೆ ಮುಖ ಮಾಡಿ ಎಣಿಸುತ್ತೀರಲ್ಲ, ಹಾಗೆ. ಎಣಿಸಿದ್ದರಿಂದ ಬರುವ ಲಾಭ ಏನೂ ಇಲ್ಲ, ಅಷ್ಟು ಹೊತ್ತು ಹೋಗುತ್ತದೆ ಅಷ್ಟೆ. ಕಂಪೈಲರು ನೋಡಿತು. ಇವನು ಸುಮ್ಮನೆ ಎಣಿಸುತ್ತಾನೆ, ಆ ಎಣಿಕೆ ಯಾರಿಗೂ ಬೇಡ, ಇದು ದಂಡದ ಕೆಲಸ ಎಂದು ಅದನ್ನು ಕಿತ್ತು ಬಿಸಾಡಿತು. ನಿಮ್ಮ ಅಮ್ಮ ಆ ಎಣಿಕೆಯ ಒಳಗೆ "ಇಲ್ಲಿಗೆ ಬಂದೆ" ಎಂಬ ಸಾಲು ಇಟ್ಟಾಗ ಮಾತ್ರ, ಓ, ಇಲ್ಲಿ ಏನೋ ನಡೆಯುತ್ತಿದೆ ಎಂದು ಉಳಿಸಿಕೊಂಡಿತು. "ಕಂಪೈಲರ್ದ್ ತಪ್ಪಲ್ಲ ಅತ್ತೆ. ಕಾಯುಕೆ ಸರಿಯಾದ ಕ್ರಮ ಬೇರೆ ಇತ್ತ್. ಎಂತದೂ ಮಾಡ್ದೆ ಕೂತದ್ದ್ ಕಂಡ್ರೆ ಅದಕ್ಕೆ ಹ್ಯಾಂಗ್ ಗೊತ್ತಾತ್ತ್, ಕಾಯ್ತಾ ಇತ್ತ್ ಅಂತ?" ಎಂದಳು.

ಅವಳು ಅದನ್ನು ಸರಿಪಡಿಸುತ್ತಿರುವಾಗ ನನಗೆ ನಿಮ್ಮ ಅಜ್ಜ ನೆನಪಾದರು. ಅವರು ದೋಣಿ ನಡೆಸುವ ತಾಂಡೇಲರಾಗಿದ್ದವರು. ಕಡಲಿನಲ್ಲಿ ಕೂಗಿ ಕೂಗಿ ಆಜ್ಞೆ ಕೊಡುವವರು ಮನೆಗೆ ಬಂದರೆ ಮಾತೇ ಇಲ್ಲ. ಕಾಲು ತೊಳೆದು ಇದೇ ಜಗಲಿಯಲ್ಲಿ ಕೂತು, ಚಾ ಹಿಡಿದು, "ಇವತ್ತ್..." ಎಂದು ಶುರು ಮಾಡಿ ನಿಲ್ಲಿಸುವರು. ಸ್ವಲ್ಪವೇ ನಿಂತರೆ ಬಲೆ ತುಂಬಿದೆ, ಮುಖದಲ್ಲಿ ನಗು ತಡೆಯುತ್ತಿದ್ದಾರೆ ಎಂದು ಅರ್ಥ. ಇನ್ನೂ ಸ್ವಲ್ಪ ನಿಂತರೆ ಬರಿಗೈ. ಚಾ ಆರುವಷ್ಟು ನಿಂತರೆ ಬಲೆ ಹರಿದಿದೆ, ಅಥವಾ ಯಾರಿಗೋ ಏನೋ ಆಗಿದೆ. ನಾನು ಕಂಬಕ್ಕೆ ಒರಗಿ ನಿಂತು ಆ ನಿಲುಗಡೆಯನ್ನೇ ಕೇಳುತ್ತಿದ್ದೆ. ಆಮೇಲೆ ಅವರು ಹೇಳುವ ಮಾತು ಬರಿಯ ಮುದ್ರೆ ಒತ್ತುವುದಕ್ಕೆ. ಈಗ ನಿಮ್ಮ ಅಪ್ಪ ಬಂದರಿನಿಂದ ಫೋನು ಮಾಡಿ, "ಅಮ್ಮ, ಊಟಕ್ ಬತ್ತಿಲ್ಲ, ಇಡ್ತೆ" ಎನ್ನುತ್ತಾನೆ. ವಿಷಯ ಎಲ್ಲ ಬಂದಿರುತ್ತದೆ, ಒಂದೂ ಬಿಟ್ಟುಹೋಗಿರುವುದಿಲ್ಲ. ಆದರೂ ಫೋನು ಕೆಳಗಿಟ್ಟ ಮೇಲೆ ಏನೋ ಕಿತ್ತು ಬಿಸಾಡಿದ ಹಾಗೆ ಅನ್ನಿಸುತ್ತದೆ.

ಪ್ಯಾಕೆಟ್ಟು ಬೈಂದೂರಿಗೆ ಹೋಯಿತು. ಮಾಷ್ಟ್ರು ಕೇಳಿ, "ಈಗ ಪಾಸ್" ಎಂದರಂತೆ. ಬರೆದ ಪುಣ್ಯಾತ್ಮನೂ ತಿದ್ದುಪಡಿ ಒಪ್ಪಿಕೊಂಡನಂತೆ. ನಿಮ್ಮ ಅಮ್ಮ ಮಣೆ ಎತ್ತಿ ಮೂಲೆಗೆ ಇಟ್ಟಳು. ಮಧ್ಯಾಹ್ನ ಅವಳ ಬಾಗಿಲು ಮತ್ತೆ ಹಾಕಿಕೊಂಡಿತು.

ಈಗ ನನ್ನ ಯಂತ್ರ ಒಂದು ವಾಕ್ಯ ಓದುತ್ತದೆ, ನಿಲ್ಲುತ್ತದೆ. ಆ ನಿಂತ ಜಾಗದಲ್ಲಿ ಮನೆ ಕೇಳಿಸುತ್ತದೆ. ಫ್ರಿಜ್ಜು ಗುರುಗುಟ್ಟುವುದು, ಹೈವೇಯಲ್ಲಿ ಲಾರಿ ಹೋಗುವುದು, ಆಮೇಲೆ ಏನೂ ಇಲ್ಲದ್ದು. ಮತ್ತೆ ಒಂದು ವಾಕ್ಯ, ಮತ್ತೆ ಅದೇ. ಮೊದಲು ಅದು ಉಸಿರು ತೆಗೆಯದೆ ಇದನ್ನೆಲ್ಲ ಮುಚ್ಚಿಟ್ಟಿತ್ತು. ಎರಡು ದಿನ ಕೇಳಿ ನಾನು ಯಂತ್ರ ಮುಚ್ಚಿ ಇಟ್ಟೆ.

ಅದನ್ನು ಮುಚ್ಚಿಟ್ಟದ್ದು ನಿಮ್ಮ ಅಮ್ಮನ ಕಣ್ಣಿಗೆ ಬಿತ್ತು. ಚಾ ಹಿಡಿದು ಬಂದು ನಿಂತಳು. "ಎಂತಕ್ಕೆ ಮುಚ್ಚಿ ಇಟ್ರಿ? ಮತ್ತೆ ಹಾಳಾಯ್ತಾ?"

"ಇಲ್ಲ, ಅಡ್ಡಿ..."

"ಅಡ್ಡಿಲ್ಲ ಹೇಳುಕಾಗ" ಎಂದು ಅವಳು ಕೈ ಅಡ್ಡ ಹಿಡಿದಳು. "ನಮ್ಮ್ ಕೆಲ್ಸದಂಗೆ ದೂರು ಕೊಡುಕೆ ಒಂದ್ ಕ್ರಮ ಇತ್ತ್. ಎಂತ ಮಾಡ್ತಾ ಇದ್ರಿ, ಎಂತ ಆತ್ತ್ ಅಂದ್ಕಂಡ್ರಿ, ಎಂತ ಆಯ್ತ್. ಇಷ್ಟನ್ನ ಹೇಳಿ ಸಾಕ್. ಲಾಯ್ಕ್, ಬೇಜಾರ್ ಅಂಬುದೆಲ್ಲ ಬ್ಯಾಡ."

ಈ ಕ್ರಮ ಹೇಳಿದ್ದು ಒಳ್ಳೆಯದಾಯಿತು. ಮನಸ್ಸಿನಲ್ಲಿ ಇರುವುದನ್ನು ಹೇಳು ಎಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ನಾನು ಗೋಡೆಯ ಕಡೆ ನೋಡುತ್ತಾ ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. "ಮಧ್ಯಾಹ್ನ ಜಗಲಿಯಂಗೆ ಕೂಕಂಡ್ ಪೇಪರ್ ಕೇಂತಾ ಇದ್ದೆ. ಅದ್ ನಿಂತತ್ತಿಗೆ ಯಾರಾರೂ ಎಂತಾರೂ ಹೇಳ್ತ್ರ್ ಅಂದ್ಕಂಡೆ. ಯಾರೂ ಹೇಳ್ಲಿಲ್ಲ."

ಅವಳು ಚಾ ಲೋಟ ಕೆಳಗಿಟ್ಟಳು. ಆಮೇಲೆ ಕೆಲಸದ ದನಿಯಲ್ಲೇ ಕೇಳಿದಳು. "ಇದ್ ದಿನಾ ಆತ್ತಾ?"

"ದಿನಾ ಆತ್ತ್."

"ನಾನ್ ಬಂದ್ ಕೂಕಂಡ್ರೆ?"

"ಆಗ ಆತ್ತಿಲ್ಲೆ."

"ಹಾಂಗಾರೆ ಸಿಕ್ತ್" ಎಂದು ಅವಳು ಮೂಲೆಯಲ್ಲಿದ್ದ ಮಣೆ ಎಳೆದುಕೊಂಡಳು.

ಮರುದಿನದಿಂದ ಅವಳ ಕಂಪನಿಯ ಕೆಲಸವೇ ಮಧ್ಯಾಹ್ನದ ಮೇಲೆ ಜಗಲಿಗೆ ಬಂತು. ಈಗ ಅವಳು ನನ್ನ ಪಕ್ಕದಲ್ಲೇ ಕೂರುತ್ತಾಳೆ, ಕಿವಿಗೆ ಮುಚ್ಚಳದಂಥದ್ದು ಹಾಕಿಕೊಂಡು, ಯಾವ್ಯಾವುದೋ ಊರಿನವರ ಜತೆ ಇಂಗ್ಲಿಷಿನಲ್ಲಿ ಮೀಟಿಂಗು ಮಾಡುತ್ತಾ. ನನ್ನ ಜತೆ ಮಾತಿಲ್ಲ. ನಾನು ಬಾಯಿ ಆಕಳಿಸಿದರೂ ಅಲ್ಲಿಯವರಿಗೆ ಕೇಳುತ್ತದಂತೆ. ಅದಕ್ಕೇ ನಾನು ತುಟಿ ಅಲ್ಲಾಡಿಸಿದ ಕೂಡಲೇ ಅವಳು ಪರದೆಯಿಂದ ಕಣ್ಣು ತೆಗೆಯದೆ ಒಂದು ಬೆರಳು ಎತ್ತುತ್ತಾಳೆ, ಮಾತಾಡಬೇಡಿ ಎಂದು. ನಿಜವಾಗಿ ನನಗೆ ಹೇಳಲು ಏನೂ ಇರುವುದಿಲ್ಲ. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ನನಗೆ ಸುಮ್ಮನಿರು ಎಂದು ಹೇಳುವ ಪ್ರಸಂಗ ಯಾರಿಗೂ ಬಂದಿರಲಿಲ್ಲ. ಹಾಗಾಗಿ ಅವಳು ಬೆರಳು ಎತ್ತಿದಾಗಲೆಲ್ಲ, ನಾನೂ ಒಬ್ಬ ದೊಡ್ಡ ಮಾತುಗಾತಿ ಎಂದು ಒಳಗೊಳಗೇ ಹಿಗ್ಗುತ್ತೇನೆ. ಆ ಬೆರಳು ನೋಡಲೆಂದೇ ಆಗಾಗ ಸುಮ್ಮನೆ ತುಟಿ ಅಲ್ಲಾಡಿಸುತ್ತೇನೆ.